ಎರಡನೇ ಸಲದ ಫೋಟೊ

"ಜನಾಜಾ ಇಳಸ್ರಿ, ಒಂದ ನಿಮಿಷ. ಸಾಹುಕಾರ್ರು ಹೆಗಲ ಕೊಡ್ತಾರ," ಎಂದು ಪತ್ರಿಕೆಯ ಬ್ಯೂರೊ ಮುಖ್ಯಸ್ಥ ಅರುಣಕುಮಾರ ಓಣಿಗೆ ಅಡ್ಡ ನಿಂತ.

ಫೋಟೊಗ್ರಾಫರ್ ಮಶಾಕಸಾಬನ ಶವ ಹೊತ್ತ ಜನಾಜಾ ಇಬ್ರಾಹಿಂಪುರದ ಮನೆ ಬಿಟ್ಟು ಇಪ್ಪತ್ತು ಹೆಜ್ಜೆಯಾಗಿತ್ತು. ಮುಂದೆ ಮಗ ನದೀಮ ಹೆಗಲು ಕೊಟ್ಟಿದ್ದ. ಕಾರಿನಿಂದಿಳಿದ ಖಂಡಪ್ಪ ಸಾಹುಕಾರ ತಲೆಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಪತ್ರಿಕೆಯ ಹೊಸ ಫೋಟೊಗ್ರಾಫರ್ ಆಗಲೇ ಎದುರಿನ ಕಟ್ಟೆ ಹತ್ತಿದ್ದ.

"ಹೊತಗೊಂಡ ಹೊಂಟೇವಲ್ರಿ. ಕೊಡೂದಿದ್ರ ಬಂದು ಕೊಡ್ಲಿ," ಎಂದ ನದೀಮ.

"ಗದ್ದಲದಾಗ ಸಾಹುಕಾರ್ರ ಮಾರಿ ಫೋಟೊದಾಗ ಬರೂದಿಲ್ಲೋ ತಮ್ಮಾ. ಇಳಿಸಿ ಇನ್ನೊಮ್ಮೆ ಎತ್ರಿ. ನಾಳೆ ಮೊದಲ ಪುಟದಾಗ ನಿಮ್ಮಪ್ಪನ ಹೆಸರು ಬರ್ತೈತಿ. ಬ್ಯಾಡೇನು?"

ಮಶಾಕಸಾಬ ಅದೇ ಪತ್ರಿಕೆಗೆ ದುಡಿದ ಮೂವತ್ತು ವರ್ಷದಲ್ಲಿ ಒಂದು ಚಿತ್ರದ ಕೆಳಗೂ ಆ ಹೆಸರು ಅಚ್ಚಾಗಿರಲಿಲ್ಲ. ನದೀಮನ ಹೆಜ್ಜೆ ತಡೆಯಿತು.

*

ನಾಲ್ಕು ವರ್ಷದ ಹಿಂದೆ ಬಿಜ್ಜರಗಿಯಲ್ಲಿ ಖಂಡಪ್ಪನ ಒಣದ್ರಾಕ್ಷಿ ಶೆಡ್ಡು ಕುಸಿದು ಮೂವರು ಕೂಲಿ ಹೆಂಗಸರು ಸತ್ತರು. ಮಗಳು ಕಾವ್ಯಾ ಒಳಗಿದ್ದಳೆಂದು ರೇಣುಕವ್ವ ಬರಿಗೈಯಲ್ಲಿ ತಗಡು ಎಳೆಯುತ್ತಿದ್ದಳು. ಮಶಾಕಸಾಬ ಒಂದೇ ಚಿತ್ರ ತೆಗೆದ. ಆಮೇಲೆ ಕ್ಯಾಮೆರಾ ಬೆನ್ನಿಗೆ ಸರಿಸಿ ತಗಡಿನ ಇನ್ನೊಂದು ತುದಿ ಹಿಡಿದ. ಚಿತ್ರದಲ್ಲಿ ಅವಳ ಬೆನ್ನಿತ್ತು, ಮೇಲೆ ಖಂಡಪ್ಪನ ಹೆಸರಿನ ಬೋರ್ಡಿತ್ತು.

"ಆ ಬೋರ್ಡು ಬ್ಯಾಡೋ ಮಾರಾಯಾ. ಆಕೀನ ಹೊರಗ ಕುಂಡ್ರಿಸಿ ಇನ್ನೊಮ್ಮೆ ಅಳಾಕ ಹಚ್ಚು," ಎಂದು ಅರುಣಕುಮಾರ ಫೋನಿನಲ್ಲಿ ಹೇಳಿದ.

"ಆಗಿದ್ದನ್ನ ತಗದೇನ್ರಿ. ಇನ್ನೊಮ್ಮೆ ಮಾಡಸೂದು ನಾಟಕದವರ ಕೆಲಸ."

ಚಿತ್ರ ಅಚ್ಚಾಗಲಿಲ್ಲ. ಮರುವಾರ ಕೆಲಸ ಹೋಯಿತು. ಮೊನ್ನೆಯವರೆಗೂ ಅವನು ಸೊಲ್ಲಾಪುರ ರಸ್ತೆಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ.

*

ಮುಂಜಾನೆಯ ಬಸ್ಸಿಗೆ ಬಿಜ್ಜರಗಿಯಿಂದ ಬಂದಿದ್ದ ರೇಣುಕವ್ವ ಓಣಿಯ ಗೋಡೆಯ ಬದಿಯಿಂದ ಮುಂದೆ ಬಂದಳು.

"ಸಾಹುಕಾರಾ, ನನ್ನ ಮಗಳ ಹೆಣಕ್ಕ ಹೆಗಲ ಕೊಟ್ಟಿದ್ದೇನು? ಅವತ್ತ ಎಲ್ಲಿ ಅಡಗಿದ್ದಿ? ಇಲೆಕ್ಷನ್ ಬಂತಂತ ಸತ್ತಾಂವನ್ನ ಇಳಸೂದು ಎತ್ತೂದು ಮಾಡಸ್ತಿ?"

"ಯಾರಬೇ ನೀ? ಸರಸ್ರಲೇ ಆಕೀನ," ಎಂದ ಖಂಡಪ್ಪ.

"ನಿನ್ನ ಶೆಡ್ಡಿನ ತಗಡ ಸರಸಿದಾಕಿನೋ ಯಪ್ಪಾ. ನನ್ನ ಯಾಂವ ಸರಸ್ತಾನ, ಬರ್ಲಿ!"

ಯಾರೂ ಅಲುಗಲಿಲ್ಲ. ಅರುಣಕುಮಾರ ನದೀಮನ ಕಿವಿಯ ಹತ್ತಿರ ಬಾಗಿದ. "ಹೆಸರು, ತಮ್ಮಾ... ವಿಚಾರ ಮಾಡು."

"ಅಪ್ಪ ಇದ್ದಾಗ ಬರಲಾರದ ಹೆಸರು ಈಗ ಯಾಕ ಬೇಕ್ರಿ? ದಾರಿ ಬಿಡ್ರಿ, ಇಲ್ಲಾಂದ್ರ ಒದ್ದು ಹೋಗಬೇಕಾಗ್ತೈತಿ."

ಹೆಗಲು ಕೊಟ್ಟವರಿಂದ ಕಲ್ಮಾ ಪಠಣದ ದನಿ ಎದ್ದಿತು. ಅರುಣಕುಮಾರ ಚರಂಡಿಯ ಬದಿಗೆ ಸರಿದ. ಖಂಡಪ್ಪ ಮುಖವನ್ನು ಕ್ಯಾಮೆರಾದತ್ತ ತಿರುಗಿಸಿ, ಹೆಗಲು ಬಾಗಿಸಿ, ಕೈ ಮೇಲೆತ್ತಿ ಕಾಯುತ್ತಿದ್ದ. ಜನಾಜಾ ಅವನನ್ನು ಬಳಸಿಕೊಂಡು ಮುಂದೆ ಸಾಗಿತು. ಕೊನೆಯ ಮನುಷ್ಯ ದಾಟಿದ ಮೇಲೂ ಆ ಹೆಗಲು ಬಾಗಿಯೇ ಇತ್ತು. ಅದರ ಮೇಲೆ ಏನೂ ಇರಲಿಲ್ಲ.