ಮಡಚದ ವ್ಯಾಸಪೀಠ

ನಾನು ಒಂದು ವ್ಯಾಸಪೀಠ. ಪುರಾಣ ಓದುವವರು ಪುಸ್ತಕವನ್ನು ನೆಲಕ್ಕೆ ತಾಗಿಸದೆ ಎದುರಿಗೆ ಇಟ್ಟುಕೊಳ್ಳುತ್ತಾರಲ್ಲ, ಕತ್ತರಿಯ ಹಾಗೆ ಬಿಚ್ಚುವ ಮರದ ಪೀಠ, ಅದು. ನನ್ನ ಮೈಯಲ್ಲಿ ಒಂದು ಮೊಳೆಯಿಲ್ಲ, ಒಂದು ಹನಿ ಅಂಟಿಲ್ಲ. ಕಣಿವೆಕೆರೆಯ ಬಡಗಿ ಮೌನೇಶಾಚಾರಿ ಒಂದೇ ಹೊನ್ನೆ ಹಲಗೆಯನ್ನು ಎರಡೂ ತುದಿಯಿಂದ ಪದರವಾಗಿ ಸೀಳಿ, ನಡುವೆ ಬೆರಳಿಗೆ ಬೆರಳು ಹೆಣೆದಂತೆ ಕೆತ್ತಿದ. ಹದಿನಾಲ್ಕು ದಿನದ ಕೆಲಸ. ಕೊನೆಗೆ ಒಂದು ಸಂಜೆ ಉಸಿರು ಬಿಗಿಹಿಡಿದು ಮೆಲ್ಲಗೆ ಜಗ್ಗಿದ. ಟಕ್ಕೆಂದು ಬಿಚ್ಚಿಕೊಂಡೆ. ಅದೇ ನನ್ನ ಹುಟ್ಟು.

ಅವನು ನನ್ನನ್ನು ಒಯ್ದು ಒಪ್ಪಿಸಿದ್ದು ನೇಕಾರರ ಬೀದಿಯ ದೇವಲಯ್ಯನವರಿಗೆ. ಹಗಲೆಲ್ಲ ಮಗ್ಗದಲ್ಲಿ ಸೀರೆ ನೇಯುವವರು, ಸಂಜೆ ಚೌಡೇಶ್ವರಿ ಗುಡಿಯಲ್ಲಿ ಪುರಾಣ ಓದಿ ಅರ್ಥ ಹೇಳುವವರು.

"ದೇವಲಣ್ಣ, ಇದಕ್ಕೆ ಒಂದೇ ವ್ರತ," ಅಂದ ಮೌನೇಶಾಚಾರಿ. "ಹೂವಿಟ್ಟು ಏರಿಸಿದ ಪುಸ್ತಕ ಓದಿ ಮುಗಿಸಿ, ಮಂಗಳ ಹಾಡದೆ ಕೆಳಕ್ಕೆ ಇಳೀಬಾರ್ದು. ಉಣ್ತಾ ಕೂತೋರನ್ನ ಎಲೆಯಿಂದ ಎಬ್ಬಿಸಿದ ಹಾಗಾಗ್ತದೆ."

"ಆಗ್ಲಪ್ಪ," ಅಂದರು ದೇವಲಯ್ಯನವರು. ಅವರು ಆಗಲಿ ಅಂದರೆ ಆಯಿತು.

ವರ್ಷಕ್ಕೆ ಎರಡು ಸಲ ನನಗೆ ಬೆಳಕು. ಶ್ರಾವಣದಲ್ಲಿ ಒಂದು ತಿಂಗಳು, ನವರಾತ್ರಿಯಲ್ಲಿ ಒಂಬತ್ತು ದಿನ. ಅಮ್ಮನವರ ಮಹಿಮೆ ಹೇಳುವ ಹಳೆಯ ಹೊತ್ತಗೆ ನನ್ನ ಮೇಲೆ ಏರುತ್ತಿತ್ತು, ಒಂದು ಹೂವು ಬೀಳುತ್ತಿತ್ತು, ದೇವಲಯ್ಯನವರ ಗಂಟಲು ತೆರೆಯುತ್ತಿತ್ತು. ಉಳಿದ ದಿನ ಅಟ್ಟದ ಮೇಲೆ. ಮಡಚಿದಾಗ ನನ್ನ ಎರಡು ಹಲಗೆಗಳ ಮುಖ ಒಂದಕ್ಕೊಂದು ಅಂಟುತ್ತದೆ, ಆಗ ನಾನು ಬರೀ ಸೌದೆ. ಮೂವತ್ತೆಂಟು ವರ್ಷ ಒಂದೇ ಪುಸ್ತಕ ಹೊತ್ತೆ. ಬೇಸರವೇನೂ ಇರಲಿಲ್ಲ. ಲೋಕದಲ್ಲಿ ಇರುವುದೇ ಅದೊಂದು ಪುಸ್ತಕ ಎಂದು ನಾನೂ ನಂಬಿದ್ದೆ, ದೇವಲಯ್ಯನವರೂ ನಂಬಿದ್ದರು.

ಆಮೇಲೆ ಸೊಸೆ ಬಂದಳು. ಶಾಕಾಂಬರಿ. ಗಂಡ ಸೀರೆ ಗಂಟು ಹೊತ್ತು ಊರೂರು ತಿರುಗುವವನು. ಮನೆಯಲ್ಲಿ ಇವಳು, ಮಾವ, ಮತ್ತು ರಾಟೆ. ಮಗ್ಗದ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆ, ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ಬಲಗೈ ರಾಟೆ ತಿರುವಬೇಕು, ಎಡಗೈ ನೂಲು ಹಿಡಿಯಬೇಕು, ಕಣ್ಣು ಮಾತ್ರ ಖಾಲಿ. ಆ ಖಾಲಿ ಕಣ್ಣಿಗೆ ಓದುವ ಹಸಿವು ಬಹಳ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ಎರಡೂ ಮಗ್ಗುಲು ಓದಿಯೇ ಎಸೆಯುವಳು.

ಆ ವರ್ಷ ಶ್ರಾವಣ ಮುಗಿದಿತ್ತು. ನನಗೆ ಕೊಬ್ಬರಿ ಎಣ್ಣೆ ಸವರಿ, ಆರಲೆಂದು ಪಡಸಾಲೆಯಲ್ಲಿ ಬಿಚ್ಚಿಟ್ಟಿದ್ದರು. ಶಾಕಾಂಬರಿ ಸಂತೆಯಿಂದ ಒಂದು ಹಳೆಯ ಪುಸ್ತಕ ತಂದಿದ್ದಳು. ಅದಕ್ಕೆ ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೆಂಬುದೂ ಇಲ್ಲ. ರಾಟೆಯ ಮುಂದೆ ಕೂತು ನನ್ನನ್ನು ನೋಡಿದಳು. ಬೀದಿಯ ಕಡೆ ನೋಡಿದಳು. ಪುಸ್ತಕವನ್ನು ನನ್ನ ಮೇಲಿಟ್ಟು ಪುಟಕ್ಕೆ ಒಂದು ಕಂಡಿಕೆ ಆನಿಸಿ ಓದತೊಡಗಿದಳು.

ಒಳ್ಳೆಯ ಹೊತ್ತಿನಲ್ಲೇ ದೇವಲಯ್ಯನವರು ಗುಡಿಯಿಂದ ಬಂದರು. ಹಿಂದಿನಿಂದ ಕಂಡದ್ದು ಸೊಸೆ, ಪೀಠ, ಗ್ರಂಥ. ಅವರ ಮುಖ ಅರಳಿತು. ಸದ್ದು ಮಾಡದೆ ಬಂದು, ಪ್ರಸಾದದ ದಾಸವಾಳವನ್ನು ಪುಸ್ತಕದ ಮೇಲಿಟ್ಟು, ಕೈಮುಗಿದು, ಕಣ್ಣಿಗೆ ಒತ್ತಿಕೊಂಡರು.

"ಯಾವ ಅಧ್ಯಾಯ ತಾಯಿ?"

ಶಾಕಾಂಬರಿಯ ಕೈಯ ನೂಲು ಹರಿಯಿತು. "ಮಾವ... ಇದು... ಜವಳಿ ವ್ಯಾಪಾರೀನ ಕೊಂದಾಕಿರೋ ಅಧ್ಯಾಯ."

ದೇವಲಯ್ಯನವರು ಬಗ್ಗಿ ಎರಡು ಸಾಲು ಓದಿದರು. ರಕ್ತ, ಚೂರಿ, ಒಳಗಿನಿಂದ ಚಿಲಕ ಹಾಕಿದ ಕೋಣೆ. ಪತ್ತೇದಾರಿ ಕಾದಂಬರಿ! ಅವರು ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟರು.

"ತಪ್ಪಾಯ್ತು ಮಾವ, ತೆಗೆದ್ಬಿಡ್ತೀನಿ," ಎಂದು ಅವಳು ಕೈ ಚಾಚಿದಳು.

"ಮುಟ್ಬೇಡ!" ಅಂದರು. "ನಾನು ಹೂವಿಟ್ಬಿಟ್ನಲ್ಲಮ್ಮ!"

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ನವರಾತ್ರಿಯ ಪಾಡ್ಯಕ್ಕೆ ಇನ್ನು ಇಪ್ಪತ್ತೇಳು ದಿನ. ಅಂದು ಅಮ್ಮನವರ ಹೊತ್ತಗೆ ಏರಲೇಬೇಕು. ಅಷ್ಟರಲ್ಲಿ ಇದು ಮುಗಿದು ಇಳಿಯಬೇಕು.

"ಮೊದಲಿಂದ ಓದು. ಗಟ್ಟಿಯಾಗಿ. ಮನಸ್ಸಲ್ಲೇ ಓದ್ಕೊಂಡ್ರೆ ಪಾರಾಯಣ ಆಗಲ್ಲ."

ಹೀಗೆ ಕೊಲೆಯ ಪಾರಾಯಣ ಶುರುವಾಯಿತು. ಶಾಕಾಂಬರಿ ರಾಟೆ ತಿರುವುತ್ತ ಓದುವಳು. ಒಳಗೆ ಮಗ್ಗದಲ್ಲಿ ಮಾವ. ತಮಗೆ ಏನೂ ಕೇಳಿಸದು ಎಂಬಂತೆ ಅವರು ತೋರಿಸಿಕೊಂಡರು. ಮೂರನೆಯ ದಿನ ಚೂರಿಯನ್ನು ಬಚ್ಚಿಟ್ಟವರು ಯಾರೆಂಬ ಮಾತು ಬಂದಾಗ ಮಗ್ಗ ತಟ್ಟನೆ ನಿಂತಿತು. "ಮುಂದೆ?" ಅಂತ ಒಳಗಿನಿಂದ ದನಿ ಬಂತು.

ಸುದ್ದಿ ಬೀದಿಗೆ ಹೋಯಿತು. ಪಕ್ಕದ ಮನೆಯ ಹುಚ್ಚಮ್ಮಜ್ಜಿ ತನ್ನ ರಾಟೆಯನ್ನೇ ಎತ್ತಿಕೊಂಡು ಬಂದು ಕೂತಳು. ಎದುರುಮನೆಯ ಕದರಪ್ಪ ನಾಲಿಗೆ ಬಿಗಿ ಇಲ್ಲದ ನೇಕಾರ. ಅವನು ಬಾಗಿಲಿಗೆ ಒರಗಿ ದಿನಕ್ಕೊಬ್ಬನನ್ನು ಕೊಲೆಗಾರ ಎಂದು ಸಾರುತ್ತಿದ್ದ.

"ಅಡುಗೆಯವನೇ ಕಣಜ್ಜಿ."

"ನಿನ್ ಬಾಯಿಗಿಷ್ಟು. ಆ ಅಡುಗೆಯವನು ಬೆಳಗ್ಗೆ ಎದ್ದು ತುಳಸಿಗೆ ನೀರು ಹಾಕ್ತಾನೆ, ಅವನ್ಯಾಕೆ ಕೊಂದಾನು?"

"ಹಂಗಾದ್ರೆ ಡಾಕ್ಟ್ರು."

"ನೀನೇ ಇರ್ಬೇಕು ನೋಡು. ಸುಮ್ನೆ ಕೂತ್ಕೋ, ಹುಡುಗಿ ಓದ್ಲಿ."

ಹನ್ನೆರಡನೆಯ ದಿನ ಕಥೆ ತುದಿಗೆ ಬಂತು. ಭಾವಮೈದ, ಗುಮಾಸ್ತ, ಡಾಕ್ಟರು, ಅಡುಗೆಯವನು, ನಾಲ್ವರನ್ನೂ ಪತ್ತೇದಾರ ಒಂದೇ ಕೋಣೆಯಲ್ಲಿ ಕೂರಿಸಿದ. ಶಾಕಾಂಬರಿ ಓದಿದಳು: "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ. ಅವನು ಬೇರೆ ಯಾರೂ ಅಲ್ಲ..." ಪುಟ ತಿರುವಿದಳು. ಮುಂದಿನ ಪುಟ ಇರಲಿಲ್ಲ. ಅದರ ಮುಂದಿನದೂ ಇರಲಿಲ್ಲ. ಹೊಲಿಗೆಯ ದಾರ ಮಾತ್ರ ಜೋತಾಡುತ್ತಿತ್ತು.

"ಯಾರೋ ಪುಣ್ಯಾತ್ಮ ಆ ಪುಟದಲ್ಲಿ ಕಡಲೆಕಾಯಿ ತಿಂದವ್ನೆ," ಅಂದ ಕದರಪ್ಪ. ಯಾರೂ ನಗಲಿಲ್ಲ.

ದೇವಲಯ್ಯನವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ಬಂದರು. ಕಥೆ ಮುಗಿಯದೆ ಮಂಗಳವಿಲ್ಲ. ಮಂಗಳವಿಲ್ಲದೆ ಇಳಿಸುವಂತಿಲ್ಲ. ಪಾಡ್ಯಕ್ಕೆ ಹದಿನೈದೇ ದಿನ.

"ಇನ್ನೊಂದು ಪೀಠ ಮಾಡಿಸ್ಕೊಂಡ್ರಾಯ್ತಪ್ಪ ದೇವಲಣ್ಣ," ಅಂದ ಕದರಪ್ಪ.

"ಅಮ್ಮಂಗೆ ಏನಂತ ಹೇಳ್ಲೋ? ನಿನ್ ಜಾಗದಲ್ಲಿ ಒಬ್ಬ ಕೊಲೆಗಾರ ಕೂತವ್ನೆ, ನೀನು ಪಕ್ಕಕ್ಕೆ ಕೂತ್ಕೋ ತಾಯಿ ಅಂತಲಾ?"

ತಾಲ್ಲೂಕು ಪಟ್ಟಣದಲ್ಲಿ ಲೈಬ್ರರಿಯಿದೆ, ಅಲ್ಲಿ ಇದೇ ಪುಸ್ತಕ ಸಿಕ್ಕರೂ ಸಿಗಬಹುದು ಎಂದವಳು ಶಾಕಾಂಬರಿ. ಪುಸ್ತಕವನ್ನು ತೋರಿಸಲು ಒಯ್ಯಬೇಕು. ಆದರೆ ಪೀಠದಿಂದ ಇಳಿಸುವ ಹಾಗಿಲ್ಲ. ಹಾಗಾಗಿ ದೇವಲಯ್ಯನವರು ನನ್ನನ್ನು, ನನ್ನ ಮೇಲಿನ ಪುಸ್ತಕವನ್ನು, ಅದರ ಮೇಲಿನ ಬಾಡಿದ ದಾಸವಾಳವನ್ನು ಒಟ್ಟಿಗೇ ಕೆಂಪು ಮಡಿಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದರು. ಇಬ್ಬರು ಎದ್ದು ಜಾಗ ಬಿಟ್ಟರು. ಕಂಡಕ್ಟರ್ ಮೆಟ್ಟು ಕಳಚಿ ಕೈಮುಗಿದ.

"ಒಳಗೆ ಯಾವ ದೇವ್ರು ಯಜಮಾನ್ರೇ?"

ದೇವಲಯ್ಯನವರಿಗೆ ಸುಳ್ಳು ಬಾರದು. "ಯಾರು ಅಂತ ಇನ್ನೂ ಗೊತ್ತಾಗಿಲ್ಲಪ್ಪ. ತಿಳ್ಕೊಳ್ಳೋಕೇ ಹೋಗ್ತಿದೀನಿ."

ಅಂಥ ಉತ್ತರ ಕೇಳಿ ಅವನು ಇನ್ನೊಂದು ಸಲ ಕೈಮುಗಿದ.

ಲೈಬ್ರರಿಯ ಮೇಜಿನ ಹಿಂದೆ ಖಮರುನ್ನೀಸಾ ಎಂಬ ಹೆಂಗಸು ಕೂತಿದ್ದರು. ಮೇಜಿನ ಮೇಲೆ ಮಡಿಬಟ್ಟೆ ಬಿಚ್ಚಿದಾಗ ಅವರು ನಗಲಿಲ್ಲ. ಸೆರಗು ಸರಿಮಾಡಿಕೊಂಡು, "ಕಥೆ ಹೇಳಿ ತಾತ. ಹೆಸರಿಲ್ಲದಿದ್ರೆ ಕಥೆಯಿಂದಾನೇ ಹುಡುಕ್ಬೇಕು," ಅಂದರು.

ದೇವಲಯ್ಯನವರಿಗೆ ಕಥೆ ಹೇಳಲು ಬರುವುದು ಒಂದೇ ಬಗೆ. ಕಣ್ಣು ಮುಚ್ಚಿ ರಾಗವೆತ್ತಿದರು. ಆ ಪಟ್ಟಣದೊಳಗೆ ಜವಳಿಯ ವರ್ತಕನೊಬ್ಬನಿರಲು, ಆತನಿಗೆ ನಾಲ್ವರು ಆಪ್ತರಿರಲು... ಪತ್ರಿಕೆ ಓದುತ್ತಿದ್ದವರೆಲ್ಲ ಕುರ್ಚಿ ಎಳೆದುಕೊಂಡು ಸುತ್ತ ಬಂದರು. ಗೋಡೆಯ ಮೇಲೆ 'ಮೌನವಾಗಿರಿ' ಎಂಬ ಹಲಗೆ ಇತ್ತು. ಅಂದು ಮೌನವಾಗಿದ್ದದ್ದು ಆ ಹಲಗೆ ಒಂದೇ.

ಪತ್ತೇದಾರಿಯೇ ಆರು ಕಪಾಟು ಇದ್ದವು. "ಹುಡುಕ್ತೀನಿ. ಅಲ್ಲಿವರೆಗೆ ಸುಮ್ನೆ ಕೂತಿರ್ಬೇಡಿ," ಎಂದು ಖಮರುನ್ನೀಸಾ ಕೈಗೆ ಸಿಕ್ಕ ನಾಲ್ಕು ಪುಸ್ತಕ ತಂದು ಅವರ ಮುಂದಿಟ್ಟರು. ನನ್ನ ಪಕ್ಕದಲ್ಲೇ ಇಟ್ಟರು; ಹಾಗಾಗಿ ಅವರು ಓದಿದ್ದು ನನಗೂ ಕೇಳಿತು. ಹಿಮಾಲಯಕ್ಕೆ ನಡೆದುಕೊಂಡೇ ಹೋಗಿ, ಕಾಲುಗುಳ್ಳೆಯನ್ನೂ ಬಿಡದೆ ಬರೆದವನೊಬ್ಬ. ಜೇನುಹುಳ ಒಂದಕ್ಕೊಂದು ಕುಣಿದು ದಾರಿ ಹೇಳುವುದನ್ನು ಇಪ್ಪತ್ತು ವರ್ಷ ಕೂತು ನೋಡಿದವನೊಬ್ಬ. ಅರವತ್ತು ಜನರ ಮನೆಗೆ ಬೇಯಿಸಿ ಹಾಕುತ್ತ ಕದ್ದು ಅಕ್ಷರ ಕಲಿತ ಹೆಂಗಸೊಬ್ಬಳು. ನಾಲ್ಕನೆಯವನು ಬರೀ ನಗಿಸುವವನು; ಅವನ ಎರಡನೆಯ ಪುಟಕ್ಕೇ ದೇವಲಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕಣ್ಣೊರೆಸಿಕೊಂಡು ಕಪಾಟುಗಳ ಸಾಲನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಇವರೆಲ್ಲ ಎಲ್ಲಿದ್ರಮ್ಮ ಇಷ್ಟು ದಿನ?"

"ಇಲ್ಲೇ ಇದ್ರು ತಾತ. ನೀವೇ ಬಂದಿರ್ಲಿಲ್ಲ."

ಮೂರು ಸಲ ಹೋಗಿಬಂದೆವು. ಪ್ರತಿ ಸಲವೂ ಚೀಲದಲ್ಲಿ ಬೇರೆ ಎರಡು ಪುಸ್ತಕ ಮನೆಗೆ ಬಂದವು. ಬೇಕಾದ ಆ ಒಂದು ಮಾತ್ರ ಸಿಗಲಿಲ್ಲ. ಮಹಾಲಯ ಅಮಾವಾಸ್ಯೆ ಬಂದೇಬಿಟ್ಟಿತು. ಬೆಳಗಾದರೆ ಪಾಡ್ಯ.

ಅಂದು ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ದೇವಲಯ್ಯನವರ ಮುಖ ಸಣ್ಣಗಾಗಿತ್ತು. ಮೂವತ್ತೆಂಟು ವರ್ಷ ತಪ್ಪದ ಓದು ಈ ಸಲ ತಪ್ಪಬೇಕು, ಇಲ್ಲವೇ ಕೊಟ್ಟ ಮಾತು ತಪ್ಪಬೇಕು. ಶಾಕಾಂಬರಿ ಕಂಡಿಕೆ ಸುತ್ತುತ್ತ, ತಲೆ ಎತ್ತದೆ ಅಂದಳು:

"ಮಾವ, ಒಂದ್ ಮಾತು. ಕೊಂದೋನು ಭಾವಮೈದ."

"ಅದ್ಹೆಂಗೆ?" ಎಂದಳು ಹುಚ್ಚಮ್ಮಜ್ಜಿ.

"ಒಳಗಿನ ಚಿಲಕಾನ ಬಾಗಿಲ ಸಂದಿಯಿಂದ ದಾರ ಹಾಕಿ ಎಳೆದವ್ರೆ. ಹರಿದ ದಾರ ಸಿಕ್ತಲ್ಲ, ಅದ್ರಲ್ಲಿ ಸಣ್ಣ ಗಂಟು ಇತ್ತಂತೆ. ಕತ್ತಲಲ್ಲಿ ನಿಂತು, ಹರಿದ ದಾರಾನ ನೋಡದೇನೇ ಗಂಟು ಹಾಕೋಕೆ ಎಲ್ಲಾರ್ಗೂ ಬರಲ್ಲ." ಅವಳ ಬೆರಳಲ್ಲಿ ಅದೇ ಕ್ಷಣ ನೂಲು ಹರಿಯಿತು, ಬೆರಳು ತಾನಾಗಿ ಗಂಟು ಹಾಕಿ ಮುಂದಕ್ಕೆ ಬಿಟ್ಟಿತು. "ಐದನೇ ಅಧ್ಯಾಯದಲ್ಲಿ ಭಾವಮೈದ ಮಾತಾಡ್ತಾ ಮಾತಾಡ್ತಾ ಅಂಗಿ ಗುಂಡಿಯ ದಾರಾನ ಹಿಂಗೇ ಗಂಟು ಹಾಕ್ತಾನೆ. ಚಿಕ್ಕೋನಿದ್ದಾಗ ನೂಲಿನ ಗಿರಣೀಲಿ ಇದ್ನಂತೆ."

ಅವಳು ರಾಟೆ ನಿಲ್ಲಿಸಿ ಹೇಳಿದಳು. ಪತ್ತೇದಾರ ಏನಂದ, ಭಾವಮೈದ ಹೇಗೆ ಕೂತಲ್ಲೇ ಬೆವರಿದ, ಅಕ್ಕ ಬಂದು ಅವನ ಕೈ ಹಿಡಿದು ಏನು ಕೇಳಿದಳು, ಎಲ್ಲವನ್ನೂ. ಕೊನೆಗೆ ಹುಚ್ಚಮ್ಮಜ್ಜಿ ಸೆರಗಿನಿಂದ ಮೂಗೊರೆಸಿಕೊಂಡಳು. ಕದರಪ್ಪ ಬಾಗಿಲು ಬಿಟ್ಟು ಒಳಗೆ ಬಂದು ಕೂತ.

"ನಾನು ಹೇಳಿದ್ದು ಪುಸ್ತಕದ್ದಲ್ಲ ಮಾವ. ಇದು ನಡೀತದೋ ಇಲ್ವೋ."

ದೇವಲಯ್ಯನವರು ಪುಸ್ತಕದ ತುದಿಯಲ್ಲಿ ಜೋತಾಡುತ್ತಿದ್ದ ದಾರವನ್ನು ಬೆರಳಲ್ಲಿ ಎತ್ತಿ ನೋಡಿದರು. "ನಮ್ಮಪ್ಪನ ಹೊತ್ತಗೇಲಿ ನಾಲ್ಕು ಪುಟ ಗೆದ್ದಲು ತಿಂದಿತ್ತು," ಅಂದರು. "ಅಷ್ಟನ್ನ ಅವನು ತನ್ನ ಬಾಯಿಂದಲೇ ಹೇಳೋನು. ನಾನೂ ಇವತ್ತಿನವರ್ಗೆ ಅದನ್ನೇ ಹೇಳ್ಕೊಂಡು ಬಂದಿದೀನಿ. ಅಮ್ಮ ಒಂದಿನಾನೂ ಬೇಡ ಅಂದಿಲ್ಲ." ಎದ್ದು ನಿಂತು ಮಂಗಳ ಹಾಡಿದರು. ಸೊಸೆ ಹೇಳಿದ್ದನ್ನು ಅವಳಿಂದಲೇ ಬರೆಸಿ, ಮಗ್ಗದ ದಾರದಿಂದ ಆ ಪುಸ್ತಕದ ಕೊನೆಗೆ ಹೊಲಿದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕೆಳಗಿಳಿಸಿದರು. ಬೆಳಗ್ಗೆ ಅಮ್ಮನವರ ಹೊತ್ತಗೆ ಹೊತ್ತಿಗೆ ಸರಿಯಾಗಿ ಏರಿತು.

ಮರುವರ್ಷ ಖಮರುನ್ನೀಸಾ ಅದೇ ಕಾದಂಬರಿಯ ಪೂರ್ತಿ ಪುಟಗಳಿರುವ ಒಂದು ಪ್ರತಿ ಹುಡುಕಿ ಕಳಿಸಿದರು. ಅದರಲ್ಲಿ ಕೊಂದವನು ಗುಮಾಸ್ತ. ದೇವಲಯ್ಯನವರು ಓದಿ ಮುಚ್ಚಿಟ್ಟರು. "ಪಾಪ, ಬರೆದೋರಿಗೆ ನೂಲಿನ ಕೆಲಸ ಗೊತ್ತಿಲ್ಲ," ಅಂದರು, ಅಷ್ಟೇ.

ಕಾದಂಬರಿ ಇಳಿದ ವರ್ಷದ ನವರಾತ್ರಿ ಮುಗಿದ ಮೇಲೆ ಅವರು ನನ್ನನ್ನು ಮಡಚಲು ಕೈಗೆತ್ತಿಕೊಂಡರು. ಮಡಚದೆ ಮತ್ತೆ ಕೆಳಗಿಟ್ಟರು. ಒಳಗೆ ಹೋಗಿ ಜೇನುಹುಳದ ಪುಸ್ತಕ ತಂದು, ನನ್ನ ಮೇಲಿಟ್ಟು, ಹೂವಿಟ್ಟರು. ಅಂದಿನಿಂದ ನಾನು ಅಟ್ಟ ಕಂಡಿಲ್ಲ. ಎಷ್ಟು ಜನ ಬಂದು ಕೂತರು ನನ್ನ ಮೇಲೆ! ಕಡಲಲ್ಲಿ ದಿಕ್ಕು ತಪ್ಪಿದವರು, ಮಕ್ಕಳಿಗೆ ಕಥೆ ಕಟ್ಟಿದವರು, ಮಣ್ಣಿನ ಗುಣ ತಿಳಿಸಿದವರು, ದೇವರಿಲ್ಲ ಎಂದು ವಾದಿಸಿದವನೊಬ್ಬ. ಅವನಿಗೂ ದೇವಲಯ್ಯನವರು ಹೂವಿಟ್ಟರು, ಕೊನೆಯವರೆಗೂ ಕೇಳಿದರು. "ಮಾತು ಗಟ್ಟಿ ಐತೆ. ಅಮ್ಮನೇ ಆಡಿಸಿರ್ಬೇಕು," ಎಂದು ಮಂಗಳ ಹಾಡಿದರು.

ಅವರ ಕಣ್ಣು ಮಂಜಾದ ಮೇಲೆ ಶಾಕಾಂಬರಿಯೇ ಓದುವಳು. ಕೊನೆಯದಾಗಿ ಏರಿದ್ದು ನಕ್ಷತ್ರಗಳ ಪುಸ್ತಕ. ಸತ್ತ ನಕ್ಷತ್ರದ ಬೆಳಕೂ ಇನ್ನೂ ನಡೆದು ಬರುತ್ತಿರುತ್ತದೆ ಎಂಬ ಸಾಲನ್ನು ಎರಡು ಸಲ ಓದಿಸಿಕೊಂಡರು. ಮೂವತ್ತೊಂದು ಪುಟ ಉಳಿದಿರುವಾಗ, ಒಂದು ಬೆಳಗ್ಗೆ, ಗುಡಿಯ ಗಂಟೆ ಕೇಳುತ್ತ ಹಾಗೇ ಕಣ್ಣು ಮುಚ್ಚಿದರು.

ಸೂತಕದ ದಿನಗಳಲ್ಲಿ ಪುಸ್ತಕ ನನ್ನ ಮೇಲೆ ಕಾದಿತ್ತು. ಯಾರೋ ತೆಗೆದಿಡಲು ಬಂದರು. "ಅದು ಮಾವಂದು. ಇನ್ನೂ ಮುಗಿದಿಲ್ಲ," ಅಂದಳು ಶಾಕಾಂಬರಿ. ಹನ್ನೊಂದರ ಶಾಸ್ತ್ರ ಕಳೆದ ಮರುದಿನ ಸ್ನಾನ ಮಾಡಿ, ಮಾವ ಕೂರುತ್ತಿದ್ದ ಚಾಪೆಯನ್ನು ನನ್ನೆದುರು ಹಾಸಿ, ಮೂವತ್ತೊಂದು ಪುಟವನ್ನೂ ಗಟ್ಟಿಯಾಗಿ ಓದಿದಳು. ಮಂಗಳವನ್ನು ಅವಳು ಹಾಡಿದ್ದು ಅದೇ ಮೊದಲು.

ಈಗ ನನಗೂ ಮುಪ್ಪು. ನಡುವಿನ ಕೆತ್ತನೆ ಸವೆದಿದೆ, ಒಂದು ಕಾಲು ಅಲುಗಾಡುತ್ತದೆ. ಶಾಕಾಂಬರಿಯ ತಲೆ ಬೆಳ್ಳಗಾಗಿದೆ. ನಿವೃತ್ತಿಯಾದ ಖಮರುನ್ನೀಸಾ ತಿಂಗಳಿಗೊಮ್ಮೆ ಬಂದು ಚಾಪೆಯ ಮೇಲೆ ಕೂತು ಕೇಳುತ್ತಾರೆ. ಒಬ್ಬರು ಬರೆದದ್ದನ್ನು ಹೊರುವಾಗ ಅವರೇ ಲೋಕದ ದೊಡ್ಡವರು ಅನ್ನಿಸುತ್ತದೆ. ಅವರು ಇಳಿದು ಇನ್ನೊಬ್ಬರು ಏರಿದಾಗಲೂ ಹಾಗೇ ಅನ್ನಿಸುತ್ತದೆ. ಎಲ್ಲರ ಭಾರವೂ ನನಗೆ ಅಮ್ಮನವರ ಹೊತ್ತಗೆಯಷ್ಟೇ.

ಒಂದರ ಮಂಗಳ ಮುಗಿಯುವ ಮುಂಚೆಯೇ ಮುಂದಿನ ಪುಸ್ತಕವನ್ನು ಶಾಕಾಂಬರಿ ಪಕ್ಕಕ್ಕೆ ತಂದಿಟ್ಟುಕೊಂಡಿರುತ್ತಾಳೆ. ನಡುವೆ ನನ್ನನ್ನು ಮಡಚುವಷ್ಟು ಬಿಡುವು ಯಾರಿಗೂ ಕೊಟ್ಟಿಲ್ಲ. ಇವತ್ತು ಬೆಳಗ್ಗೆ ಹೊಸದೊಂದು ಏರಿದೆ. ಬರೆದವರು ಯಾರೋ, ನನಗಿನ್ನೂ ತಿಳಿಯದು. ಹೂವು ಬಿತ್ತು. ರಾಟೆ ಸದ್ದು ಶುರುವಾಯಿತು. ಇನ್ನೇನು, ಮೊದಲ ಸಾಲು.