ಮೂರಿಂಚಿನ ಸ್ಕ್ರೂ

ಬಾಗಿಲು ಮುರಿದ ಮನೆಗೆ ಹೋದಾಗ ಡೆಲ್ಮರ್ ಸ್ಟೋವಾಲ್ ಮೊದಲು ಮನೆಯವರ ಮುಖ ನೋಡುತ್ತಿದ್ದ, ಬಾಗಿಲು ಆಮೇಲೆ. ಕಳ್ಳ ಮುರಿದದ್ದಾದರೆ ಮುಖದ ತುಂಬ ಸಿಟ್ಟು. ಪೊಲೀಸರು ಮುರಿದದ್ದಾದರೆ ಸಿಟ್ಟಿನ ಜೊತೆಗೆ ನಾಚಿಕೆ, ತಪ್ಪು ತಾವೇ ಮಾಡಿದೆವೇನೋ ಎಂಬಂತೆ. ಕೆಂಟಕಿಯ ಆ ಹೊಳೆದಂಡೆಯ ಊರಿನಲ್ಲಿ ಮೂವತ್ತೆರಡು ವರ್ಷದಿಂದ ಬಾಗಿಲು ಕೂರಿಸಿಕೊಂಡು ಬಂದವನಿಗೆ ಇಷ್ಟೂ ತಿಳಿಯದಿದ್ದರೆ ಅವನು ಬಡಗಿಯಾಗಿ ಏನು ಬಂತು ಭಾಗ್ಯ!

ಗುರುವಾರ ಮಧ್ಯಾಹ್ನ ಅವನು ಹೋದದ್ದು ಹಿಕರಿ ಬೀದಿಯ 1418ನೇ ನಂಬರಿನ ಮನೆಗೆ. ಅಲ್ಲಿದ್ದವಳು ಎಪ್ಪತ್ತೆಂಟು ವರ್ಷದ ವಿಧವೆ ಯೂಲಾಲಿ ಕ್ರೆನ್‌ಷಾ, ಆ ಕಡೆಯ ರೂಢಿಯಂತೆ ಊರಿಗೆಲ್ಲ ಮಿಸ್ ಯೂಲಾಲಿ. ಪೊಲೀಸರಿಗೆ ಬೇಕಾಗಿದ್ದ ಮನುಷ್ಯ ಇದ್ದದ್ದು 1418½ರಲ್ಲಿ, ಅಂದರೆ ಹಿತ್ತಲ ಮೆಟ್ಟಿಲು ಹತ್ತಿ ಹೋಗುವ ಮಹಡಿ ಕೋಣೆಯಲ್ಲಿ. ಆ ಬೀದಿಯಲ್ಲಿ ಅರ್ಧ ನಂಬರೆಂದರೆ ಹಿತ್ತಲ ಮೆಟ್ಟಿಲು ಎಂದು ಅಂಚೆಯವನಿಗೆ ಗೊತ್ತು, ಪಿಜ್ಜಾ ತರುವವನಿಗೆ ಗೊತ್ತು, ನಾಯಿಗೂ ಗೊತ್ತು. ಗೊತ್ತಿಲ್ಲದ್ದು ವಾರಂಟ್ ಬರೆಯುವ ಕಂಪ್ಯೂಟರಿಗೆ ಮಾತ್ರ. ವಾರಂಟಿನ ಅರ್ಜಿಯಲ್ಲಿ ಅರ್ಧಕ್ಕೆ ಜಾಗವೇ ಇಲ್ಲವಂತೆ. ನ್ಯಾಯಾಧೀಶರು ಸಹಿ ಹಾಕಿದರು, ಮಂಗಳವಾರ ಬೆಳಗಿನ ಜಾವ ಪೊಲೀಸರು ಬಾಗಿಲು ತಟ್ಟದೆ, ಕೂಗದೆ, ಕಬ್ಬಿಣದ ದಿಮ್ಮಿಯಿಂದ ಗುದ್ದಿ ಮುದುಕಿಯ ಮನೆಗೆ ನುಗ್ಗಿದರು. ಹಿತ್ತಲ ಮಹಡಿಯವನು ಒಂದು ವಾರದ ಹಿಂದೆಯೇ ಗಂಟುಮೂಟೆ ಕಟ್ಟಿ ಪರಾರಿಯಾಗಿದ್ದ.

"ಗಟ್ಟಿಯಾಗಿ ಹಾಕಪ್ಪ ಡೆಲ್ಮರ್," ಎಂದಳು ಮಿಸ್ ಯೂಲಾಲಿ, ಕೈಗೋಲು ಊರಿಕೊಂಡು ನಿಂತು. "ಆನೆ ಬಂದು ಗುದ್ದಿದ್ರೂ ಅಲ್ಲಾಡಬಾರದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿಸ್ತಾಳೆ ಮುದುಕಿ ಅಂತ ನಗಬೇಡ."

"ನಗಲ್ಲ ಮಿಸ್ ಯೂಲಾಲಿ. ಎಲ್ಲರೂ ಇದನ್ನೇ ಕೇಳ್ತಾರೆ."

ನಿಜವಾಗಿಯೂ ಎಲ್ಲರೂ ಇದನ್ನೇ ಕೇಳುತ್ತಿದ್ದರು. ಉಪಾಯವೂ ದೊಡ್ಡದಲ್ಲ. ಚಿಲಕದ ನಾಲಿಗೆ ಹೋಗಿ ಕೂರುವ ಕಬ್ಬಿಣದ ಪಟ್ಟಿಯನ್ನು ಅಂಗಡಿಯವರು ಒಂದಿಂಚಿನ ಸ್ಕ್ರೂ ಜೊತೆಗೆ ಕೊಡುತ್ತಾರೆ. ಅದು ಬಾಗಿಲ ಚೌಕಟ್ಟನ್ನಷ್ಟೇ ಹಿಡಿಯುತ್ತದೆ, ಒಂದೇ ಗುದ್ದಿಗೆ ಕಿತ್ತು ಬರುತ್ತದೆ. ಮೂರಿಂಚಿನದು ಹಾಕಿದರೆ ಚೌಕಟ್ಟನ್ನು ದಾಟಿ ಗೋಡೆಯೊಳಗಿನ ತೊಲೆಯನ್ನು ಕಚ್ಚುತ್ತದೆ. ಆಮೇಲೆ ನಾಲ್ಕು ಗುದ್ದು ಬೇಕು, ಐದೂ ಬೇಕಾಗಬಹುದು. ಡೆಲ್ಮರ್ ಇದುವರೆಗೆ ಯಾರಿಗೂ ಮೂರಿಂಚಿಗಿಂತ ಚಿಕ್ಕದನ್ನು ಹಾಕಿರಲಿಲ್ಲ.

ಅವನು ಹಳೆಯ ಚೌಕಟ್ಟಿನ ಸಿಬಿರು ಕೀಳುತ್ತಿದ್ದಾಗ ಮುದುಕಿ ಹತ್ತಿರ ಬಂದಳು. ದನಿ ತಗ್ಗಿಸಿದಳು.

"ಯಾರಿಗೂ ಹೇಳಿಲ್ಲ ಕಣಯ್ಯಾ, ನಿನಗೆ ಹೇಳ್ತೀನಿ. ನಾನು ಅವತ್ತು ಗುಂಡು ಹೊಡೆದೆ."

ಡೆಲ್ಮರನ ಕೈ ನಿಂತಿತು.

"ನಮ್ಮ ಯಜಮಾನರ ರಿವಾಲ್ವರು. ದಿಂಬಿನ ಪಕ್ಕದಲ್ಲೇ ಇತ್ತು. ಧಡ್ ಅಂತ ಸದ್ದಾಯ್ತು, ಕಳ್ಳರು ಬಂದ್ರು ಅಂದ್ಕೊಂಡೆ, ನಡುಮನೆಗೆ ಬಂದು ಒಂದು ಹೊಡೆದೇಬಿಟ್ಟೆ. ಅಷ್ಟರಲ್ಲಿ ಅವರು ಎಸೆದ ಸದ್ದಿನ ಬಾಂಬೇನೋ ಸಿಡಿದು ಕಣ್ಣೆಲ್ಲ ಬೆಳ್ಳಗಾಯ್ತು. ಅದರ ಸದ್ದಲ್ಲಿ ನನ್ನದು ಯಾರಿಗೂ ಕೇಳಿಸಲಿಲ್ಲವೋ ಏನೋ, ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅದು ಯಾರಿಗೆ ತಗಲಿತೋ ಡೆಲ್ಮರ್? ಎರಡು ದಿನದಿಂದ ತುತ್ತು ಇಳೀತಿಲ್ಲ ಕಣೋ. ಯಾವ ತಾಯಿ ಮಗೂಗೆ ಹೊಡೆದೆನೋ!"

ಆ ಊರಲ್ಲಿ ಮನೆಗೊಂದು ಬೈಬಲ್ಲು, ಮನೆಗೊಂದು ಪಿಸ್ತೂಲು. ಬಾಗಿಲು ಮುರಿದು ಬಂದವನಿಗೆ ಗುಂಡು ಹೊಡೆದರೆ ಕಾನೂನು ನಿಮ್ಮ ಪರ. ವಾರಂಟ್ ಹಿಡಿದು ಬಾಗಿಲು ಮುರಿದರೆ ಕಾನೂನು ಪೊಲೀಸರ ಪರ. ಇಬ್ಬರೂ ಸರಿ, ಇಬ್ಬರ ಕೈಯಲ್ಲೂ ಬಂದೂಕು. ಇಂಥ ಕಾನೂನು ಬರೆದ ಪುಣ್ಯಾತ್ಮರು ತಮ್ಮ ಮನೆ ಬಾಗಿಲಲ್ಲಿ ಒಂದು ಸಲ ನಿಂತು ನೋಡಬೇಕಿತ್ತು.

ಡೆಲ್ಮರ್ ಎದ್ದು ಹೊರಗಿನ ಪಡಸಾಲೆಗೆ ಬಂದ. ಬಾಗಿಲಿಗೆ ನೇರ ಎದುರಿಗಿದ್ದ ಮರದ ಕಂಬದ ಮೇಲೆ ಕೈಯಾಡಿಸಿದ. ಬಿಳಿ ಬಣ್ಣದ ಮಧ್ಯೆ ಬೆರಳ ತುದಿಯಷ್ಟು ತೂತು, ಒಳಗೆ ಸೀಸ. ಅವನು ಅಳತೆ ಪಟ್ಟಿ ತೆಗೆಯಲಿಲ್ಲ. ಬೇಕಾಗಿಯೂ ಇರಲಿಲ್ಲ. ತನ್ನ ಮನೆಯ ಹೆಬ್ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸಿ ವರ್ಷವರ್ಷವೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಬೆಳೆಸಿದ ಮಗಳ ಎತ್ತರ ಅವನಿಗೆ ಬಾಯಿಪಾಠ. ಆ ತೂತು ರೆನಿಟಾಳ ಕತ್ತಿನ ಮಟ್ಟದಲ್ಲಿತ್ತು.

ರೆನಿಟಾ ಅವನ ಒಬ್ಬಳೇ ಮಗಳು, ವಾರಂಟ್ ತಂಡದ ಪೊಲೀಸ್. ಮಂಗಳವಾರ ಗುರಾಣಿ ಹಿಡಿದು ಮೊದಲು ಒಳಗೆ ಹೋದವಳು ಅವಳೇ. "ಮನೆ ತಪ್ಪಿ ಹೋಯ್ತು ಡ್ಯಾಡಿ, ಪಾಪ, ಅಜ್ಜಿ ಹೆದರಿಬಿಟ್ರು," ಎಂದಷ್ಟೇ ಹೇಳಿದ್ದಳು.

ಅವನು ಮಗಳಿಗೆ ಫೋನ್ ಮಾಡಿದ.

"ಕಂಬದಲ್ಲಿ ಗುಂಡಿದೆ," ಎಂದ.

"ಕಂಬದಲ್ಲಿರೋದನ್ನ ಕಂಬದಲ್ಲೇ ಬಿಡು ಡ್ಯಾಡಿ," ಎಂದಳು.

"ನಿನಗೆ ಗೊತ್ತಿತ್ತಾ?"

"ಕತ್ತಿನ ಪಕ್ಕದಲ್ಲೇ ಹೋಯ್ತು. ಅವರ ಕೈಲಿ ರಿವಾಲ್ವರ್ ನೋಡಿದೆ. ನಾನೂ ಎತ್ತಿದೆ, ಬೆರಳು ಟ್ರಿಗರ್ ಮೇಲೇ ಇತ್ತು. ಅಷ್ಟರಲ್ಲಿ ಆ ರಾತ್ರಿ ಅಂಗಿ, ತಲೆಗೆ ಕಟ್ಟಿದ ಬಟ್ಟೆ ಕಂಡ್ತು. ಥೇಟ್ ನಮ್ಮಜ್ಜಿ ಥರ. ಅವರು ರಿವಾಲ್ವರ್ ಕೆಳಗೆ ಬಿಟ್ರು, ನಾನು ಕಾಲಲ್ಲಿ ಸೋಫಾ ಕೆಳಗೆ ತಳ್ಳಿದೆ. ನನ್ನ ಎದೆ ಮೇಲಿನ ಕ್ಯಾಮೆರಾಗೆ ಗುರಾಣಿ ಅಡ್ಡ ಇತ್ತು. ರಿಪೋರ್ಟಲ್ಲಿ ಬರೆದಿದ್ರೆ ಪೊಲೀಸ್ ಮೇಲೆ ಗುಂಡು ಹಾರಿಸಿದ್ರು ಅಂತ ಕೇಸು. ಎಪ್ಪತ್ತೆಂಟು ವರ್ಷದವರನ್ನ ಜೈಲಿಗೆ ಕಳಿಸಲಾ?"

"ಅಲ್ಲಮ್ಮಾ, ಇಷ್ಟೆಲ್ಲ ಆದ್ಮೇಲೂ ಇವತ್ತು ಸಂಜೆ ಪುರಸಭೇಲಿ ಬಾಗಿಲು ತಟ್ಟೋದು ಬೇಡ ಅಂತ ಮಾತಾಡ್ತೀಯಾ?"

"ನಮ್ಮ ತಂಡದ ಹಾಲಿಸ್ ನೋಡು, ಬಾಗಿಲು ತಟ್ಟಿದ. ‘ಪೊಲೀಸ್’ ಅಂತ ಕೂಗಿ, ಹೇಳಿದಷ್ಟು ಹೊತ್ತು ಕಾದ. ಒಳಗಿಂದ ಬಾಗಿಲು ತೂರೋ ಹಾಗೆ ಗುಂಡು ಹೊಡೆದ್ರು. ಈಗ ಮೂವತ್ತನೇ ವರ್ಷಕ್ಕೆ ಮಗು ಥರ ನಡೆಯೋದು ಕಲೀತಿದ್ದಾನೆ. ತಟ್ಟಿದ್ರೆ ಒಳಗಿದ್ದೋರಿಗೆ ಬಂದೂಕು ತಗೊಳ್ಳೋಕೆ ಟೈಮ್ ಸಿಗುತ್ತೆ. ಬಾಗಿಲ ಮುಂದೆ ನಿಲ್ಲೋಳು ನಾನು ಡ್ಯಾಡಿ. ಒಂದೊಂದು ಸೆಕೆಂಡೂ ನನ್ನ ಜೀವ."

ಫೋನ್ ಇಟ್ಟ ಮೇಲೆ ಡೆಲ್ಮರ್ ಕಂಬಕ್ಕೆ ಒರಗಿ ನಿಂತ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಅನ್ನುವವರಿಗೇನು, ಮುಂದಿನ ವಾರವೂ ದೊಣ್ಣೆ ಬೀಸುತ್ತದೆ, ಅದರ ಮುಂದಿನ ವಾರವೂ. ಬಾಗಿಲು ಗಟ್ಟಿಯಿದ್ದಷ್ಟು ಹೊತ್ತು ಅವಳು ಹೊರಗೆ ನಿಂತಿರುತ್ತಾಳೆ. ಇಷ್ಟು ವರ್ಷ ಊರ ತುಂಬ ಮೂರಿಂಚಿನ ಸ್ಕ್ರೂ ಬಿಗಿದವನು ಯಾರು? ಅವನೇ!

ಒಳಗೆ ಬಂದು ಮುದುಕಿಗೆ ಹೇಳಿದ: "ಯಾರಿಗೂ ತಗಲಿಲ್ಲ ಮಿಸ್ ಯೂಲಾಲಿ. ಕಂಬಕ್ಕೆ ಹೋಗಿದೆ. ನಾನೇ ನೋಡಿದೆ."

ಮುದುಕಿ ಕುರ್ಚಿಯಲ್ಲಿ ಕುಸಿದು, "ಯೇಸಪ್ಪಾ, ಯೇಸಪ್ಪಾ," ಎಂದು ಅತ್ತಳು.

ಅವಳು ಅಳುತ್ತಿರುವಾಗಲೇ ಅವನು ಆ ಕೆಲಸ ಮಾಡಿದ. ಕೈ ಮೂರಿಂಚಿನ ಡಬ್ಬಿಗೆ ಹೋದದ್ದು ಅಲ್ಲಿಂದ ಸರಿದು ಒಂದಿಂಚಿನ ಪೊಟ್ಟಣಕ್ಕೆ ಹೋಯಿತು. ಎಂಟು ಸ್ಕ್ರೂ ಬಿಗಿದ. ಹೊರಗೆ ಕಾಣುವುದು ತಲೆ ಮಾತ್ರ, ಎರಡರದ್ದೂ ಒಂದೇ ತಲೆ. ಬಾಗಿಲು ಹಾಕಿ ತೋರಿಸಿದ. ಮುದುಕಿ ಎರಡೂ ಕೈಯಿಂದ ತಳ್ಳಿ ನೋಡಿ, "ಭೇಷ್! ಇವತ್ತು ನಿದ್ದೆ ಮಾಡ್ತೀನಿ ಕಣಪ್ಪ," ಎಂದು ಬೇಯಿಸಿದ ಬೀನ್ಸು, ಮೆಕ್ಕೆಜೋಳದ ರೊಟ್ಟಿ ಬಡಿಸಿದಳು. ಡೆಲ್ಮರ್ ಒಂದು ತುಂಡು ಬಾಯಿಗಿಟ್ಟುಕೊಂಡ, ನುಂಗಲಾಗಲಿಲ್ಲ. ಹಸಿವಿಲ್ಲ ಎಂದು ಸುಳ್ಳು ಹೇಳಿದ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಸಂಜೆ ಐದಕ್ಕೆ ಪುರಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ತಟ್ಟದೆ ನುಗ್ಗುವ ವಾರಂಟನ್ನು ಊರಲ್ಲಿ ನಿಲ್ಲಿಸಬೇಕೇ ಬೇಡವೇ ಎಂಬುದೇ ವಿಷಯ. ಮಾತಾಡುವವರಿಗೆಲ್ಲ ಚೀಟಿಯಲ್ಲಿ ನಂಬರ್, ತಲೆಗೆ ಮೂರು ನಿಮಿಷ. ಮೈಕಿನ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ದೀಪ. ಕೆಂಪು ಬಂದರೆ ದೇವರೇ ಬಂದು ಮಾತಾಡುತ್ತಿದ್ದರೂ ಅಧ್ಯಕ್ಷೆ ಸುತ್ತಿಗೆ ಕುಟ್ಟುತ್ತಿದ್ದಳು. ಡೆಲ್ಮರ್ ಮಿಸ್ ಯೂಲಾಲಿಯನ್ನು ತನ್ನ ಟ್ರಕ್ಕಿನಲ್ಲೇ ಕರೆತಂದು ಎರಡನೇ ಸಾಲಿನಲ್ಲಿ ಕೂರಿಸಿದ್ದ.

ಸಮವಸ್ತ್ರ ತೊಟ್ಟ ರೆನಿಟಾ ಹಾಲಿಸ್‌ನ ಕಥೆ ಹೇಳಿದಳು. ಸಭೆ ತಣ್ಣಗೆ ಕೇಳಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಮೇಲೆ ಡೆಲ್ಮರನ ನಂಬರ್ ಕೂಗಿದರು. ಬಾಗಿಲುಗಳ ಬಗ್ಗೆ ಎರಡು ಮಾತಾಡಿ ಕೂರೋಣ ಎಂದುಕೊಂಡು ಬಂದಿದ್ದ. ಮೈಕಿನ ಮುಂದೆ ನಿಂತು ತಿರುಗಿ ನೋಡಿದರೆ ಮಿಸ್ ಯೂಲಾಲಿ ಹೆಮ್ಮೆಯಿಂದ ಪಕ್ಕದವಳಿಗೆ, "ನನ್ನ ಬಾಗಿಲು ಹಾಕಿದ್ದು ಇವನೇ," ಎನ್ನುತ್ತಿದ್ದಳು.

"ನಾನು ಬಡಗಿ," ಎಂದ ಡೆಲ್ಮರ್. "ನೀವು ಮುರಿಸಿದ ಬಾಗಿಲುಗಳನ್ನ ಕೂರಿಸೋನು. ಈಗ ಮಾತಾಡಿದ್ಲಲ್ಲ, ಅವಳು ನನ್ನ ಮಗಳು. ಬಾಗಿಲು ಮುರಿಸಿಕೊಂಡೋರು ಗಟ್ಟಿ ಮಾಡಿಕೊಡು ಅಂತಾರೆ, ಮಾಡಿಕೊಡ್ತೀನಿ. ನಾನು ಗಟ್ಟಿ ಮಾಡಿದಷ್ಟೂ ಮುಂದಿನ ಸಲ ನನ್ನ ಮಗಳು ಬಾಗಿಲ ಮುಂದೆ ಹೆಚ್ಚು ಹೊತ್ತು ನಿಲ್ತಾಳೆ, ಒಳಗಿನೋರು ಬಂದೂಕು ಎತ್ಕೊತಾರೆ. ಅತ್ತ ದರಿ, ಇತ್ತ ಪುಲಿ."

ಹಳದಿ ದೀಪ ಹತ್ತಿತು. ಅವನು ಹಣೆ ಒರೆಸಿಕೊಂಡ.

"ಇವತ್ತು ಮಧ್ಯಾಹ್ನ ಮಿಸ್ ಯೂಲಾಲಿ ಕ್ರೆನ್‌ಷಾ ಅವರ ಬಾಗಿಲು ಹಾಕಿದೆ. ಮೂರಿಂಚಿನ ಸ್ಕ್ರೂ ಕೇಳಿದ್ರು. ನಾನು ಒಂದಿಂಚಿಂದು ಹಾಕಿದೆ. ಒಂದೇ ಗುದ್ದಿಗೆ ಬೀಳಲಿ, ನನ್ನ ಮಗಳು ಕಾಯೋದು ಬೇಡ ಅಂತ. ಅವರು ನನಗೆ ಊಟ ಬಡಿಸಿದ್ರು. ಮೂವತ್ತೆರಡು ವರ್ಷದಲ್ಲಿ ಯಾರಿಗೂ ಮೋಸ ಮಾಡಿರಲಿಲ್ಲ ಸ್ವಾಮಿ. ತಟ್ಟಬೇಕೋ ಬೇಡವೋ, ದೊಡ್ಡೋರು ನೀವು ಹೇಳಿ. ನನ್ನಂಥೋನು ಒಂದು ಮುದಿಜೀವಕ್ಕೆ ಮೋಸ ಮಾಡಿ ಮಗಳನ್ನ ಉಳಿಸಿಕೊಳ್ಳೋ ಹಾಗಾಗಿದೆ. ಅಷ್ಟೇ ನಾನು ಹೇಳೋದು."

ಕೆಂಪು ದೀಪ ಹತ್ತಿತು. ಸುತ್ತಿಗೆ ಮಾತ್ರ ಬೀಳಲಿಲ್ಲ. ಡೆಲ್ಮರ್ ತನ್ನ ಜಾಗಕ್ಕೆ ಬರಲಾರದೆ ಹಾಗೇ ಹೊರಗಿನ ಓಣಿಗೆ ನಡೆದ.

ಅಲ್ಲಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾಗ ಕೈಗೋಲಿನ ಸದ್ದು ಕೇಳಿತು.

"ಏಳೋ ಮೇಲೆ," ಎಂದಳು ಮಿಸ್ ಯೂಲಾಲಿ. "ಊರ ಮುಂದೆ ನನ್ನ ಬಾಗಿಲು ಪೊಳ್ಳು ಅಂತ ಡಂಗುರ ಹೊಡೆದೆಯಲ್ಲೋ ಪುಣ್ಯಾತ್ಮ! ಇವತ್ತು ರಾತ್ರಿ ಊರ ಕಳ್ಳರೆಲ್ಲ ನನ್ನ ಮನೆಗೇ ಬರ್ತಾರೆ."

"ತಪ್ಪಾಯ್ತು ಮಿಸ್ ಯೂಲಾಲಿ."

"ತಪ್ಪೇ. ಹೊಟ್ಟೆ ಉರೀತಿದೆ ನನಗೆ. ನಾನು ನಂಬಿ ತಳ್ಳಿ ನೋಡಿದಾಗಲೂ ಸುಮ್ಮನೆ ನಿಂತಿದ್ದೆಯಲ್ಲ."

ಅಷ್ಟರಲ್ಲಿ ರೆನಿಟಾ ಹೊರಗೆ ಬಂದಳು. ಟೋಪಿ ಕೈಯಲ್ಲಿತ್ತು. ಅಪ್ಪನ ಕಡೆ ನೋಡದೆ ನೇರ ಮುದುಕಿಯ ಮುಂದೆ ನಿಂತಳು.

"ಮೇಡಂ, ಅವತ್ತು ಮೊದಲು ಒಳಗೆ ಬಂದೋಳು ನಾನೇ."

ಮಿಸ್ ಯೂಲಾಲಿ ಅವಳನ್ನೇ ನೋಡಿದಳು. ಆಮೇಲೆ ಕೈಗೋಲನ್ನು ಡೆಲ್ಮರನ ಕೈಗೆ ತುರುಕಿ, ಎರಡೂ ಕೈಯಿಂದ ಹುಡುಗಿಯ ಮುಖ ಹಿಡಿದಳು. ಕಿವಿ ಮುಟ್ಟಿದಳು, ಕತ್ತು ಸವರಿದಳು, ಭುಜ ಒತ್ತಿದಳು, ಮರದಿಂದ ಬಿದ್ದ ಮಗುವಿಗೆ ಎಲ್ಲಿ ಪೆಟ್ಟಾಯಿತೆಂದು ಹುಡುಕುವ ಹಾಗೆ.

"ನೀನಾ? ನಿನಗಾ ನಾನು..." ಎಂದಳು.

"ಏನೂ ಆಗಿಲ್ಲ ಮೇಡಂ. ನಾನೂ ಹೊಡೀಲಿಲ್ಲ, ನೋಡಿ, ಇಬ್ಬರೂ ಇದ್ದೀವಿ," ಎಂದಳು ರೆನಿಟಾ.

ಒಳಗಿನಿಂದ ಜನ ಹೊರಗೆ ಬರತೊಡಗಿದರು. ತೀರ್ಮಾನ ಮುಂದಿನ ತಿಂಗಳಿಗೆ ಹೋಯಿತಂತೆ. ದೊಡ್ಡವರಿಗೇನು, ತಿಂಗಳು ಅಂದರೆ ಒಂದು ಮೀಟಿಂಗು. ಬಾಗಿಲ ಮುಂದೆ ನಿಲ್ಲುವವರಿಗೆ, ಬಾಗಿಲ ಹಿಂದೆ ಮಲಗುವವರಿಗೆ ಅದು ಮೂವತ್ತು ಬೆಳಗಿನ ಜಾವ.

ರೆನಿಟಾ ಮುದುಕಿಯ ತೋಳು ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದಳು.

"ಉಪಕರಣಗಳ ಪೆಟ್ಟಿಗೆ ಟ್ರಕ್ಕಲ್ಲೇ ಇದೆಯಾ?"

"ಇದೆ."

"ಹಾಗಾದ್ರೆ ನಡಿ. ಕತ್ತಲಾಗೋದ್ರೊಳಗೆ ಬದಲಾಯಿಸು."

"ರೆನಿಟಾ, ನೀನು ಇಂಥದ್ದೇ ಬಾಗಿಲ ಮುಂದೆ..."

"ಗೊತ್ತು. ಉದ್ದದ್ದೇ ಹಾಕು ಡ್ಯಾಡಿ. ಎಂಟಕ್ಕೆ ಎಂಟೂ."

ಹಿಕರಿ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಡೆಲ್ಮರ್ ಮೊಣಕಾಲೂರಿ ಕೂತು ಎಂಟೂ ಗಿಡ್ಡ ಸ್ಕ್ರೂಗಳನ್ನು ಬಿಚ್ಚಿ ಉದ್ದದವನ್ನು ಒಂದೊಂದಾಗಿ ಬಿಗಿದ. ಯಂತ್ರ ಬಿಟ್ಟು ಕೈಯಲ್ಲೇ ತಿರುಗಿಸಿದ. ಬಾಗಿಲು ಅಲ್ಲಾಡದಂತೆ ಹೊರಗಿನಿಂದ ಭುಜ ಕೊಟ್ಟು ಹಿಡಿದು ನಿಂತಿದ್ದವಳು ಅವನ ಮಗಳು.