ಒಂದು ಎಳೆಯಷ್ಟು ಅಗಲ

ಕೀಂ ಅನ್ನುತ್ತಿದೆ ಮತ್ತೆ, ಎಡಗಡೆಯ ಸ್ಪೀಕರೇ, ನೀಲಾಳ ಹಲ್ಲಿನ ಬುಡ ಜುಮ್ಮೆಂದಿತು, ವೇದಿಕೆಯ ಮೇಲೆ ಅತ್ತೆ ಕಲ್ಲವ್ವ ಜೋಗುಳ ನಿಲ್ಲಿಸಿ ಮೈಕನ್ನು ಮುಖದಿಂದ ದೂರ ಹಿಡಿದಳು, ತೊಟ್ಟಿಲ ಸುತ್ತಲಿನ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಾರೆ, ಮುಗಿಯಿತು ಇನ್ನು, ಸೂಡಿಯ ಮದುವೆಯಲ್ಲಿ ಹೀಗೇ ಆಗಿ ಜನ ನಕ್ಕಾಗ ಅತ್ತೆ ಅಂದಿದ್ದಳಲ್ಲ — ಗಜೇಂದ್ರಗಡದ ತೊಟ್ಟಿಲ ಕಾರ್ಯದಾಗ ಒಂದ ಸಲ ನೋಡ್ತೀನವಾ ನೀಲಾ, ಮತ್ತ ಹಿಂಗಾದ್ರ ಜನ್ಮದಾಗ ಮೈಕ ಮುಟ್ಟಂಗಿಲ್ಲ — ಮುಟ್ಟುವವಳೂ ಅಲ್ಲ, ಹಟಮಾರಿ, ಹೆತ್ತ ಮಗನ ಮಾತೂ ಕೇಳದವಳು, ಅಂಥ ಕಂಠ ಮನೆಯ ಮಗ್ಗದ ಮುಂದೆಯೇ ಮುಗಿದುಹೋಗಬೇಕೆ, ಅದೂ ಸೊಸೆಯ ಸೌಂಡ್ ಸಿಸ್ಟಮ್ಮಿನ ದೆಸೆಯಿಂದ. ಸೂಡಿಯಲ್ಲಿ ಆದದ್ದೇನು, ನೀಲಾ ಕೀಂ ಅನ್ನುವ ಜಾಗ ಹುಡುಕಿ, ಸ್ವರಗಳನ್ನು ಏರಿಸಿ ತಗ್ಗಿಸುವ ಈಕ್ವಲೈಜರಿನಲ್ಲಿ ಕೆಳಗೆ ಎಳೆದಳು, ಕೀರಲು ಹೋಯಿತು, ಅದರ ಬೆನ್ನಿಗೇ ಅತ್ತೆಯ ದನಿಯೂ ಹೋಯಿತು, ಕಂಬಳಿ ಮುಸುಕು ಹಾಕಿಕೊಂಡು ಹಾಡಿದ ಹಾಗೆ, ಎಲ್ಲ ಗಂಡ ಹಾಲೇಶನ ಪಾಂಡಿತ್ಯ — ಆ ಗುಂಡಿ ಮ್ಯಾಲ ಬರದದ್ದ ಬ್ಯಾಂಡ್‌ವಿಡ್ತ್ ಅಂದ್ರ ಇಂಟರ್ನೆಟ್ಟಿಗಿ ಇರ್ತದಲ್ಲ ಅದ, ಜಾಸ್ತಿ ಇದ್ದಷ್ಟ ಚಲೋ, ಪೂರಾ ಏರಿಸಿಬಿಡು — ಏರಿಸಿದಳು ಇವಳೂ, ಮಹಾ ಜಾಣೆ. ನಿನ್ನೆ ಸಂಜೆ ಅತ್ತೆ ಮಗ್ಗದಲ್ಲಿ ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕುತ್ತಿದ್ದಳು, ಬೆರಳು ಪಕ್ಕದ ಎಳೆಯನ್ನು ಸೋಕುತ್ತಲೂ ಇಲ್ಲ, ಸೀರಿ ಪನ್ನಾ ಅಷ್ಟೂ ಸಡಿಲ ಬಿಟ್ರ ಲಗೂ ಆಗ್ತಿತ್ತಲ್ರಿ ಅತ್ತಿ, ಹುಚ್ಚಿ ಏನ ನೀ, ಒಂದ ಎಳಿ ಹರದದ್ದಕ್ಕ ಇಷ್ಟ ಅಗಲ ಯಾಕ ಕೆಡಸ್ಲಿ — ಅಗಲ, ಅಗಲ, ಈ ಬ್ಯಾಂಡ್‌ವಿಡ್ತೂ ಸೀರೆಯ ಪನ್ನಾದ ಹಾಗೆ ಬರೀ ಅಗಲ, ವೇಗವೂ ಅಲ್ಲ ಮಣ್ಣೂ ಅಲ್ಲ, ಕೆಟ್ಟ ಸ್ವರವನ್ನು ತಗ್ಗಿಸುವಾಗ ಅಕ್ಕಪಕ್ಕದ ಎಷ್ಟು ಸ್ವರಗಳನ್ನು ಜೊತೆಗೆ ಎಳೆಯಬೇಕು ಅನ್ನುವ ಅಳತೆ, ರಾತ್ರಿಯೆಲ್ಲ ಅದೇ ಗುಂಗು, ಈಗ ಬೆರಳು ಅದೇ ಗುಂಡಿಯನ್ನು ಹಿಂದಕ್ಕೆ ತಿರುವುತ್ತದೆ, ಪರದೆಯ ಮೇಲಿನ ದೊಡ್ಡ ತಗ್ಗು ಕಿರಿದಾಗುತ್ತ ಕಿರಿದಾಗುತ್ತ ಸೂಜಿಯಾಯಿತು, ಚೂರು ಬಲಕ್ಕೆ, ಹಾಂ, ಅಲ್ಲೇ, ಎಳಿ ಕೆಳಗೆ — ಕೀಂ ಸತ್ತಿತು. ಹಾಡ್ರಿ ಅತ್ತಿ, ಈಗ ಹಾಡ್ರಿ, ಅತ್ತೆ ಅನುಮಾನದಿಂದಲೇ ಬಾಯಿ ತೆರೆದಳು, ಬಂತು ದನಿ, ಇಡೀ ದನಿ, ಎಲೆ-ಅಡಿಕೆಯ ಗರಗರದ ಸಮೇತ, ಪಕ್ಕದ ಬಸ್ ಸ್ಟ್ಯಾಂಡಿನ ಹಾರ್ನುಗಳನ್ನೂ ಹತ್ತಿಕ್ಕಿ, ಊಟಕ್ಕೆ ಕೂತವರು ಕೈಯಲ್ಲಿ ತುತ್ತು ಹಿಡಿದುಕೊಂಡೇ ತಿರುಗಿ ನೋಡುತ್ತಾರೆ, ಗೆದ್ದೆ ನಾನು ಗೆದ್ದೆ, ಹಾಲೇಶ ಎಲ್ಲಿ, ಕೇಳಲಿ ಅವನೂ, ನೀಲಾಳಿಗೆ ನಗು ಬರುತ್ತಿದೆ, ಅಳುವೂ, ಜೋಗುಳ ಮುಗಿದು ಇನ್ನೊಂದು ಶುರುವಾಗಿ ಅದೂ ಮುಗಿದು, ತನ್ನ ಪಾಳಿಗೆ ಕಾದು ನಿಂತ ಹಾಡುಗಾರ್ತಿ ಮೆಣಸಗಿಯ ದೇವವ್ವ ಮೈಕಿಗೆ ಕೈ ಚಾಚುತ್ತಾಳೆ, ಸಾಕ ಬಿಡ ಕಲ್ಲವ್ವ, ಇತ್ಲಾಗ ಕೊಡ, ನಾನೂ ಒಂದ ಹಾಡ್ತೀನಿ, ಅತ್ತೆಗೆ ಕೇಳಿಸಲೇ ಇಲ್ಲ, ಮೈಕಿನ ವೈರನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದಾಳೆ, ಹಸಿರು ಬಳೆಗಳ ಮೇಲೆ ಕರಿ ವೈರು, ಕೊಡ ಅಂದ್ರ, ಇನ್ನೊಂದು ಸುತ್ತು, ಹಸಿರು ಬಳೆಗಳ ಮೇಲೆ ಕರಿ ವೈರು —